ಹಾಳೆಯ ಮೇಲಿನ ವಸಂತ

ಫೆಬ್ರವರಿ ಮುಗಿದು ಮಾರ್ಚ್ ತಿಂಗಳು ಕಾಲಿಡುತ್ತಲೇ ಸಣ್ಣ ಮಕ್ಕಳಿರುವ ನಮ್ಮ ಮನೆಗಳಿಗೆ ಒಂದು ಬಗೆಯ ಹಾಳೆಗಳು ಬರತೊಡಗುತ್ತವೆ. ಕೆಲವು ಶಾಲೆಯಿಂದ ಬರುತ್ತವೆ, ಕೆಲವು ಟ್ಯೂಷನ್ನಿನಿಂದ. ಇನ್ನು ಕೆಲವನ್ನು, ಮಗುವಿನ ಇಂಗ್ಲಿಷ್ ಸುಧಾರಿಸಲಿ ಎಂಬ ಆಸೆಯಿಂದ, ತಂದೆತಾಯಿಗಳೇ ಮೊಬೈಲಿನಲ್ಲಿ ಇಳಿಸಿಕೊಂಡು ಬೀದಿಯ ಜೆರಾಕ್ಸ್ ಅಂಗಡಿಯಲ್ಲಿ ಪ್ರಿಂಟು ಹಾಕಿಸಿ ತರುತ್ತಾರೆ. ತಲೆಬರಹ ‘ಸ್ಪ್ರಿಂಗ್’. ಮೂಲೆಯಲ್ಲಿ ಒಂದು ಕೊಡೆ, ಒಂದು ಚಿಟ್ಟೆ, ಒಂದು ಮೊಲದ ಚಿತ್ರ. ಅದರ ಕೆಳಗೆ ಎಂಟು-ಹತ್ತು ಸಾಲುಗಳ ಓದುವ ಪಾಠ, ಐದಾರು ಪ್ರಶ್ನೆಗಳು. ಹಿಂಬದಿಯಲ್ಲಿ ವ್ಯಾಕರಣ: ನಾಮಪದಗಳ ಸುತ್ತ ವೃತ್ತ ಎಳೆಯಿರಿ, ಕ್ರಿಯಾಪದಗಳ ಕೆಳಗೆ ಗೆರೆ ಹಾಕಿರಿ, ಬಿಟ್ಟ ಸ್ಥಳ ತುಂಬಿರಿ, ಸರಿಯೋ ತಪ್ಪೋ ಹೇಳಿರಿ.

ಕಾದಂಬರಿಗೆ ವಿಮರ್ಶಕರಿದ್ದಾರೆ, ಕವನಕ್ಕಿದ್ದಾರೆ, ಸಿನಿಮಾಕ್ಕಂತೂ ಎಲ್ಲರೂ ವಿಮರ್ಶಕರೇ. ಈ ಹಾಳೆಗಳನ್ನು ಮಾತ್ರ ಯಾರೂ ವಿಮರ್ಶಿಸುವುದಿಲ್ಲ. ಮಗು ಬರೆದು ಮುಗಿಸಿತೇ, ಎಷ್ಟು ಸರಿ ಬಂತು ಎಂದಷ್ಟೇ ನೋಡಿ ಹಾಳೆಯನ್ನು ಹಳೆಯ ಪೇಪರಿನ ರಾಶಿಗೆ ಸೇರಿಸುತ್ತೇವೆ. ಆದರೆ ಐದಾರು ವರ್ಷದ ಮಗುವಿಗೆ ಇಂಗ್ಲಿಷಿನಲ್ಲಿ ಮೊದಲು ದೊರೆಯುವ ಓದು ಇದೇ ಎಂಬುದನ್ನು ಮರೆಯಲಾಗದು. ಓದುವುದೆಂದರೇನು, ಅಕ್ಷರಕ್ಕೂ ಲೋಕಕ್ಕೂ ಏನು ಸಂಬಂಧ ಎಂಬ ಮೊದಲ ಕಲ್ಪನೆಯನ್ನು ಅದು ಇವುಗಳಿಂದಲೇ ಪಡೆಯುತ್ತದೆ. ಆದುದರಿಂದ ಪರಿಚಯದ ಮನೆಗಳಿಂದ ಇಂತಹ ಒಂದು ಕಟ್ಟು ಹಾಳೆಗಳನ್ನು ತಂದು ಸಾವಧಾನವಾಗಿ ಓದಿದೆ. ಹಾಗೆ ಓದಿದಾಗ ತೋರಿದ ಕೆಲವು ಸಂಗತಿಗಳನ್ನು ವಾಚಕರ ಮುಂದಿಡುತ್ತಿದ್ದೇನೆ.

ಮೊದಲು ಗುಣಗಳನ್ನು ಹೇಳಿಬಿಡಬೇಕು. ಈ ಹಾಳೆಗಳನ್ನು ಸಿದ್ಧಪಡಿಸಿದವರು ಮಕ್ಕಳ ಮನಸ್ಸನ್ನು ಬಲ್ಲವರು. ವಾಕ್ಯಗಳು ಚಿಕ್ಕವು. ಒಂದು ಹೊಸ ಪದ ಬಂದರೆ ಅದು ಮೂರು ನಾಲ್ಕು ಸಲ ಬೇರೆ ಬೇರೆ ವಾಕ್ಯಗಳಲ್ಲಿ ಮತ್ತೆ ಬರುತ್ತದೆ. ‘ನಾಮಪದವೆಂದರೇನು?’ ಎಂದು ಕೇಳಿ ಅದರ ಲಕ್ಷಣವನ್ನು ಬಾಯಿಪಾಠ ಮಾಡಿಸುವ ಹಳೆಯ ಕ್ರಮ ಇಲ್ಲಿಲ್ಲ. ವಾಕ್ಯವನ್ನು ಕೊಟ್ಟು, ಅದರಲ್ಲಿ ಹೆಸರು ಯಾವುದು, ಕೆಲಸ ಯಾವುದು ಎಂದು ಮಗುವೇ ಹುಡುಕುವಂತೆ ಮಾಡುತ್ತಾರೆ. ವ್ಯಾಕರಣ ಕಲಿಸಲು ಇದಕ್ಕಿಂತ ಒಳ್ಳೆಯ ದಾರಿ ನನಗೆ ಕಾಣದು. ವಸಂತ ಋತುವನ್ನು ಆರಿಸಿಕೊಂಡದ್ದೂ ಜಾಣತನವೇ. ಕರಗುವುದು, ಚಿಗುರುವುದು, ಅರಳುವುದು, ಮೊಟ್ಟೆಯೊಡೆದು ಮರಿ ಹೊರಬರುವುದು, ಹಾರುವುದು ಎಂದು ಈ ಋತುವಿನಲ್ಲಿ ಕ್ರಿಯಾಪದಗಳಿಗೆ ಬರವಿಲ್ಲ. ‘ಸ್ಪ್ರಿಂಗ್’ ಎಂಬ ಪದವೇ ಒಂದು ಪಾಠ. ಅದು ಋತುವೂ ಹೌದು, ನೆಲದಿಂದೇಳುವ ನೀರಿನ ಚಿಲುಮೆಯೂ ಹೌದು, ಬಾಲ್‌ಪೆನ್ನಿನೊಳಗಿನ ಸುರುಳಿ ತಂತಿಯೂ ಹೌದು, ಚಿಮ್ಮುವ ಕ್ರಿಯೆಯೂ ಹೌದು. ನಾಲ್ಕಕ್ಕೂ ಒಳಗೆ ಇರುವ ಅರ್ಥ ಒಂದೇ: ಅಡಗಿದ್ದುದು ಮೇಲಕ್ಕೆ ಚಿಮ್ಮುವುದು.

ಇನ್ನು ಒಳಗಿನ ಸರಕನ್ನು ನೋಡೋಣ. ಪಾಠದ ಹೂರಣ ಹೆಚ್ಚುಕಡಿಮೆ ಎಲ್ಲ ಹಾಳೆಗಳಲ್ಲೂ ಒಂದೇ. ಹಿಮ ಕರಗುತ್ತಿದೆ. ದಪ್ಪ ಕೋಟು ಪೆಟ್ಟಿಗೆಗೆ ಹೋಯಿತು. ರಾಬಿನ್ ಹಕ್ಕಿ ಹಿಂದಿರುಗಿದೆ. ಡ್ಯಾಫೊಡಿಲ್ ಮತ್ತು ಟ್ಯೂಲಿಪ್ ಅರಳಿವೆ. ಕುರಿಮರಿಗಳು ಹುಟ್ಟಿವೆ. ಏಪ್ರಿಲ್‌ನ ತುಂತುರು ಮಳೆಯಲ್ಲಿ ಮಕ್ಕಳು ರಬ್ಬರ್ ಬೂಟು ತೊಟ್ಟು ಕೆಸರಿನಲ್ಲಿ ಕುಣಿಯುತ್ತಾರೆ.

ಇದು ಇಂಗ್ಲೆಂಡಿನ ವಸಂತವೆಂದು ನಾವು ಸುಲಭವಾಗಿ ಭಾವಿಸಿಬಿಡುತ್ತೇವೆ. ಹಾಗೂ ಅಲ್ಲ. ಇಂಗ್ಲೆಂಡಿನ ರಾಬಿನ್ ಚಳಿಗಾಲದಲ್ಲಿಯೂ ಅಲ್ಲಿಯೇ ಇರುತ್ತದೆ. ಹಿಮದ ಮೇಲೆ ಕುಳಿತ ಕೆಂಪೆದೆಯ ಆ ಪುಟ್ಟ ಹಕ್ಕಿ ಅಲ್ಲಿಯವರ ಕ್ರಿಸ್‌ಮಸ್ ಕಾರ್ಡುಗಳ ಮೇಲೆ ಕಾಣಿಸಿಕೊಳ್ಳುತ್ತದೆ. ವಸಂತದಲ್ಲಿ ಹಿಂದಿರುಗಿ ಬರುವುದೆಂದು ಹೆಸರಾದ ರಾಬಿನ್ ಅಮೆರಿಕದ್ದು, ಅದು ಬೇರೆಯೇ ಹಕ್ಕಿ. ಅಲ್ಲಿಗೆ ಹೋಗಿ ನೆಲೆಸಿದ ಇಂಗ್ಲಿಷರು ಅದರ ಕೆಂಪು ಎದೆಯನ್ನು ಕಂಡು ತಮ್ಮ ಊರಿನ ಹಕ್ಕಿಯ ಹೆಸರನ್ನೇ ಅದಕ್ಕೂ ಇಟ್ಟರು. ನಮ್ಮ ಮಡಿವಾಳ ಹಕ್ಕಿಗೂ ಇಂಗ್ಲಿಷಿನಲ್ಲಿ ‘ಮ್ಯಾಗ್‌ಪೈ ರಾಬಿನ್’ ಎಂದೇ ಹೆಸರು, ಅದು ಮೂರನೆಯದು. ಅಂದರೆ ಈ ಪಾಠವನ್ನು ಲಂಡನ್ನಿನ ಮಗುವಿಗೆ ಕೊಟ್ಟರೂ ಅದಕ್ಕೆ ಒಂದೆರಡು ಕಡೆ ಮುಗ್ಗರಿಸುವಂತಾಗುತ್ತದೆ. ಒಂದು ದೇಶದ ಮಕ್ಕಳಿಗಾಗಿ ಅವರ ಕಿಟಕಿಯಾಚೆ ಕಾಣುವುದನ್ನೇ ಬರೆದು ಮಾಡಿದ ಹಾಳೆಗಳಿವು. ಮಾಡಿದವರ ತಪ್ಪೇನೂ ಇಲ್ಲ. ಅವರು ತಮ್ಮ ಮಕ್ಕಳಿಗೆ ಬರೆದರು. ನೋಡದೆ ತಂದು ನಮ್ಮ ಮಕ್ಕಳಿಗೆ ಕೊಟ್ಟವರು ನಾವು.

ನಾನು ಓದಿದ್ದು ವಿಜ್ಞಾನವಾದ್ದರಿಂದ ಇಲ್ಲೊಂದು ಸಣ್ಣ ಲೆಕ್ಕ ಹೇಳಬೇಕೆನಿಸುತ್ತದೆ. ಭೂಮಿಯ ಅಕ್ಷ ಸುಮಾರು 23.5 ಡಿಗ್ರಿ ವಾಲಿಕೊಂಡಿರುವುದರಿಂದ ಋತುಗಳಾಗುತ್ತವೆ ಎಂಬುದು ಎಲ್ಲರಿಗೂ ಗೊತ್ತು. ಆದರೆ ಆ ವಾಲಿಕೆಯ ಪರಿಣಾಮ ಎಲ್ಲ ಊರುಗಳಿಗೂ ಒಂದೇ ಅಲ್ಲ. ಲಂಡನ್ ಇರುವುದು 51.5 ಡಿಗ್ರಿ ಉತ್ತರಕ್ಕೆ. ಅಲ್ಲಿ ಡಿಸೆಂಬರಿನ ಅತಿ ಚಿಕ್ಕ ಹಗಲು 8 ಗಂಟೆಗೂ ಕಡಿಮೆ, ಜೂನ್‌ನ ಅತಿ ದೊಡ್ಡ ಹಗಲು ಸುಮಾರು ಹದಿನಾರೂವರೆ ಗಂಟೆ. ನಮ್ಮ ಈ ದೆಹಲಿ 28.6 ಡಿಗ್ರಿಯಲ್ಲಿದೆ. ಇಲ್ಲಿ ಆ ಲೆಕ್ಕ ಸುಮಾರು ಹತ್ತೂಕಾಲು ಗಂಟೆ ಮತ್ತು ಹದಿನಾಲ್ಕು ಗಂಟೆ. 13 ಡಿಗ್ರಿಯ ಬೆಂಗಳೂರಿನಲ್ಲಾದರೋ ಸುಮಾರು ಹನ್ನೊಂದೂವರೆ ಗಂಟೆ ಮತ್ತು ಹದಿಮೂರು ಗಂಟೆ. ವರ್ಷವಿಡೀ ವ್ಯತ್ಯಾಸ ಒಂದೂವರೆ ತಾಸು ಮಾತ್ರ. ಹಳೆಯ ಇಂಗ್ಲಿಷಿನಲ್ಲಿ ವಸಂತಕ್ಕೆ ‘ಲೆಂಕ್ಟನ್’ ಎಂಬ ಪದವಿತ್ತು. ಹಗಲು ಉದ್ದವಾಗುವ ಕಾಲ ಎಂಬುದು ಅದರ ಹಿಂದಿನ ಭಾವ. ಕ್ರೈಸ್ತರ ‘ಲೆಂಟ್’ ಉಪವಾಸದ ಹೆಸರು ಅದರಿಂದಲೇ ಬಂದದ್ದು. ಆ ಜನಕ್ಕೆ ವಸಂತವೆಂದರೆ ಮೊದಲಿಗೆ ಬೆಳಕು ಮರಳಿ ಬರುವುದು. ಎಂಟು ತಾಸಿನ ಮಬ್ಬು ಹಗಲನ್ನು ತಿಂಗಳುಗಟ್ಟಲೆ ಅನುಭವಿಸಿದವರಿಗೆ ಆ ಸಂತೋಷ ಸಹಜ. ಬೆಂಗಳೂರಿನವರಿಗಾಗಲಿ ಚೆನ್ನೈಯವರಿಗಾಗಲಿ ಬೆಳಕು ಹೋಗಿಯೇ ಇರಲಿಲ್ಲ, ಮರಳಿ ಬರುವುದೆಲ್ಲಿಂದ?

ಹಿಮ ಕರಗುವುದನ್ನು ಕಾಣದಿದ್ದರೆ ಏನಾಯಿತು, ಓದಿ ತಿಳಿಯಲಿ ಎನ್ನಬಹುದು. ಒಪ್ಪತಕ್ಕ ಮಾತೇ. ಕಾಣದ್ದನ್ನು ಓದುವುದರಿಂದ ಮಗುವಿಗೆ ಕೆಡುಕಿಲ್ಲ. ಕಂಡದ್ದನ್ನು ಸುಳ್ಳೆಂದು ಬರೆಯಬೇಕಾಗಿ ಬಂದಾಗ ಮಾತ್ರ ಕೆಡುಕು ಪ್ರಾರಂಭವಾಗುತ್ತದೆ.

ಒಂದು ಉದಾಹರಣೆ ತೆಗೆದುಕೊಳ್ಳೋಣ. ಸರಿಯೋ ತಪ್ಪೋ ಎಂಬ ವಿಭಾಗದಲ್ಲಿ ‘ಲೀವ್ಸ್ ಫಾಲ್ ಇನ್ ಸ್ಪ್ರಿಂಗ್’ ಎಂಬಂತಹ ವಾಕ್ಯ ಬರುತ್ತದೆ. ಉತ್ತರ ‘ತಪ್ಪು’ ಎಂದಿರಬೇಕು. ಎಲೆ ಉದುರುವುದು ‘ಆಟಮ್’ನಲ್ಲಿ, ಚಿಗುರುವುದು ‘ಸ್ಪ್ರಿಂಗ್’ನಲ್ಲಿ. ಈಗ ದೆಹಲಿಯ ಸರಕಾರಿ ಕ್ವಾರ್ಟರ್ಸಿನ ಯಾವುದಾದರೊಂದು ಕಿಟಕಿಯಿಂದ ಮಾರ್ಚ್ ತಿಂಗಳಲ್ಲಿ ಹೊರಗೆ ನೋಡಿ. ಬೇವು ಎಲೆಯುದುರಿಸುತ್ತಿದೆ. ಅರಳಿ ಉದುರಿಸುತ್ತಿದೆ. ಇಲ್ಲಿಯವರು ಪಿಲ್ಖನ್ ಎನ್ನುವ ನಮ್ಮ ಬಸರಿ ಮರ ಎಲೆಯುದುರಿಸಿ ತಾಮ್ರಬಣ್ಣದ ಚಿಗುರು ತಳೆಯುತ್ತಿದೆ. ಫೆಬ್ರವರಿಯಿಂದ ಏಪ್ರಿಲ್‌ವರೆಗೆ ರಸ್ತೆ ಗುಡಿಸುವವರಿಗೆ ವರ್ಷದಲ್ಲೇ ಹೆಚ್ಚಿನ ಕೆಲಸ. ಶಾಲೆಗೆ ನಡೆದು ಹೋಗುವ ಮಗು ಆ ತರಗೆಲೆಗಳನ್ನು ಚರಪರ ತುಳಿದುಕೊಂಡೇ ಹೋಗಿರುತ್ತದೆ. ಅದು ‘ಸರಿ’ ಎಂದು ಬರೆದರೆ ಒಂದು ಅಂಕ ಹೋಯಿತು.

ಮಗು ಹೇಳಿದ್ದೇ ನಿಜವೆನ್ನುವುದಕ್ಕೆ ಶಾಸ್ತ್ರದ ಆಧಾರವಿದೆ. ಶೀತದೇಶದ ಮರಗಳು ಎಲೆ ಕಳಚುವುದು ಚಳಿಗೆ ಹೆದರಿ. ನೆಲದ ನೀರು ಹೆಪ್ಪುಗಟ್ಟುವಾಗ ಎಲೆ ಹೊತ್ತು ನಿಂತರೆ ಮರಕ್ಕೆ ಅಪಾಯ. ಮುಂಗಾರಿನ ದೇಶವಾದ ನಮ್ಮಲ್ಲಿ ಹೆದರಿಕೆ ಒಣಗಾಲದ್ದು. ಇಲ್ಲಿನ ಅನೇಕ ಮರಗಳು ಚಳಿ ಮುಗಿದು ಒಣಹವೆ ಏರುವಾಗ ಹಳೆಯೆಲೆ ಕಳಚಿ, ಮಳೆಗೆ ಮೊದಲೇ ಹೊಸ ಎಲೆ ತೊಟ್ಟು ಸಿದ್ಧವಾಗುತ್ತವೆ. ಕೆಲವು ಮರಗಳಲ್ಲಿ ಉದುರುವುದೂ ಚಿಗುರುವುದೂ ಒಂದೇ ತಿಂಗಳ ಒಳಗೆ ನಡೆದುಹೋಗುತ್ತದೆ. ನಮ್ಮೂರ ಕಡೆಯ ಹೊಂಗೆಯನ್ನು ಯುಗಾದಿಯ ಆಸುಪಾಸಿನಲ್ಲಿ ಕಂಡವರಿಗೆ ಇದನ್ನು ವಿವರಿಸಬೇಕಾಗಿಲ್ಲ. ಹಾಳೆ ಕೇಳಿದ ಪ್ರಶ್ನೆಗೆ ಕಣ್ಣಿದ್ದ ಮಗು ಕೊಟ್ಟ ಉತ್ತರ ತಪ್ಪು, ಕಣ್ಣು ಮುಚ್ಚಿಕೊಂಡ ಮಗುವಿನದು ಸರಿ ಎಂದಾದರೆ ಮಗು ಏನು ಕಲಿಯಿತು? ಪುಸ್ತಕದಲ್ಲಿರುವುದು ಬೇರೆ, ಹೊರಗಿರುವುದು ಬೇರೆ. ಅಂಕ ಬೇಕಾದರೆ ಪುಸ್ತಕದ್ದನ್ನೇ ಬರೆಯಬೇಕು ಎಂಬ ಪಾಠವನ್ನು. ಆರನೆಯ ವಯಸ್ಸಿನಲ್ಲಿ ಕಲಿತ ಈ ಪಾಠ ಹತ್ತನೆಯ ತರಗತಿಯ ಭೌತಶಾಸ್ತ್ರದವರೆಗೂ ಕೈಬಿಡುವುದಿಲ್ಲ. ಪ್ರಯೋಗಶಾಲೆಯಲ್ಲಿ ಬಂದ ಅಂಕಿಯನ್ನು ಅಳಿಸಿ ಪುಸ್ತಕದ ಅಂಕಿಯನ್ನು ಬರೆಯುವ ವಿದ್ಯಾರ್ಥಿಗಳನ್ನು ನಾವೆಲ್ಲ ಕಂಡಿದ್ದೇವೆ.

ಪ್ರವಾಸಿ ಕನ್ನಡಿಗರ ಮಕ್ಕಳಿಗೆ ಇನ್ನೂ ಒಂದು ತೊಡಕಿದೆ. ದೆಹಲಿಯಲ್ಲಿ ಬೆಳೆಯುವ ಕನ್ನಡದ ಮಗುವಿಗೆ ವರ್ಷಕ್ಕೆ ಮೂರು ವಸಂತಗಳು ಬರುತ್ತವೆ. ಮೊದಲನೆಯದು ಮಾಘ ಶುದ್ಧ ಪಂಚಮಿಯ ‘ಬಸಂತ್’. ಶಾಲೆಯಲ್ಲಿ ಹಳದಿ ಬಟ್ಟೆ ತೊಟ್ಟು ಬರಲು ಹೇಳುತ್ತಾರೆ, ನೆರೆಮನೆಯವರು ಕೇಸರಿಬಣ್ಣದ ಸಿಹಿ ಅನ್ನ ಕೊಡುತ್ತಾರೆ. ಆಗಿನ್ನೂ ಸ್ವೆಟರ್ ಮೈಮೇಲೆ ಇರುತ್ತದೆ. ಎರಡನೆಯದು ಹಾಳೆಯ ಸ್ಪ್ರಿಂಗ್. ಮೂರನೆಯದು ಚೈತ್ರ ಶುದ್ಧ ಪಾಡ್ಯದ ಯುಗಾದಿ. ಅಮ್ಮ ಬೇವು-ಬೆಲ್ಲ ಕೊಟ್ಟು ‘ಇವತ್ತಿನಿಂದ ವಸಂತ ಋತು’ ಎನ್ನುತ್ತಾಳೆ. ಶಾಲೆಯ ಇಂಗ್ಲಿಷ್ ಹಾಳೆಯಲ್ಲಿ ಋತುಗಳು ನಾಲ್ಕು, ಅಜ್ಜಿ ಹೇಳಿದ ಋತುಗಳು ಆರು. ಸಂಕಲ್ಪ ಮಾಡುವಾಗ ಅಪ್ಪ ಹೇಳುವ ‘ವಸಂತ ಋತೌ, ಚೈತ್ರ ಮಾಸೇ’ ಎಂಬುದೂ ಕಿವಿಗೆ ಬಿದ್ದಿರುತ್ತದೆ. ಈ ಮೂರನ್ನೂ ಕೂರಿಸಿಕೊಂಡು ‘ಇದು ಇಲ್ಲಿಯದು, ಇದು ನಮ್ಮೂರಿನದು, ಇದು ದೂರ ದೇಶದ್ದು’ ಎಂದು ಬಿಡಿಸಿ ಹೇಳುವವರು ಯಾರೂ ಇಲ್ಲದಿದ್ದರೆ, ಅಂಕ ತರುವ ವಸಂತವೊಂದೇ ನಿಜವೆಂದು ಮಗು ತೀರ್ಮಾನಿಸುತ್ತದೆ. ಮಿಕ್ಕೆರಡು ಹಬ್ಬದೂಟದ ಮಟ್ಟದಲ್ಲಿ ಉಳಿದುಬಿಡುತ್ತವೆ.

ಇರಲಿ, ಹಾಳೆಯ ಉದ್ದೇಶ ಋತುವಿಜ್ಞಾನವಲ್ಲ, ವ್ಯಾಕರಣ ಎಂದು ಕೆಲವರು ಹೇಳಬಹುದು. ಹಾಗಾದರೆ ವ್ಯಾಕರಣದ ದೃಷ್ಟಿಯಿಂದಲೇ ಪರಿಶೀಲಿಸೋಣ. ಇಂಗ್ಲಿಷಿನಲ್ಲಿ ‘ದಿ ಮ್ಯಾಂಗೋ ಟ್ರೀ ಫ್ಲವರ್ಸ್ ಇನ್ ಸ್ಪ್ರಿಂಗ್’ ಎಂದರೆ ಪ್ರತಿ ವರ್ಷ ನಡೆಯುವ ಮಾತು. ‘ದಿ ಮ್ಯಾಂಗೋ ಟ್ರೀ ಈಸ್ ಫ್ಲವರಿಂಗ್’ ಎಂದರೆ ಈಗ, ಕಣ್ಣೆದುರು ನಡೆಯುತ್ತಿರುವ ಮಾತು. ‘ಹ್ಯಾಸ್ ಫ್ಲವರ್ಡ್’ ಎಂದರೆ ಬಿಟ್ಟಾಗಿದೆ. ಭಾರತೀಯರ ಇಂಗ್ಲಿಷಿನಲ್ಲಿ ಬಹುವಾಗಿ ಎಡವುವ ಜಾಗ ಇದೇ. ‘ಐ ಆ್ಯಮ್ ನೋಯಿಂಗ್’ ಎಂಬ ಪ್ರಯೋಗ ಕಚೇರಿಗಳಲ್ಲಿ ಇಂದಿಗೂ ಕೇಳಿಬರುತ್ತದೆ. ಮೊದಲೆರಡು ವಾಕ್ಯಗಳ ಅಂತರ ತಿಳಿಯಬೇಕಾದರೆ ಮಗು ಒಮ್ಮೆ ಹೊರಗೆ ನೋಡಿ, ಈಗ ನಡೆಯುತ್ತಿರುವುದು ಯಾವುದು, ಯಾವಾಗಲೂ ನಡೆಯುವುದು ಯಾವುದು ಎಂದು ಬೇರ್ಪಡಿಸಬೇಕು. ‘ದಿ ಸ್ನೋ ಈಸ್ ಮೆಲ್ಟಿಂಗ್’ ಎಂಬಲ್ಲಿ ಆ ಮಗುವಿಗೆ ಬೇರ್ಪಡಿಸಲು ಏನಿದೆ? ಹಿಮವೂ ಇಲ್ಲ, ಕರಗುವುದೂ ಇಲ್ಲ, ‘ಈಗ’ ಎಂಬುದೂ ಇಲ್ಲ. ‘ಈಸ್’ ಬಂದ ಕಡೆ ‘ಇಂಗ್’ ಸೇರಿಸಬೇಕು ಎಂಬ ಯಾಂತ್ರಿಕ ಸೂತ್ರವೊಂದೇ ಉಳಿಯುತ್ತದೆ. ಅಂಕ ಪೂರ್ತಿ ಬರುತ್ತದೆ, ವ್ಯಾಕರಣ ಬರುವುದಿಲ್ಲ.

ಸ್ವಾರಸ್ಯವೇನೆಂದರೆ ಈ ಭೇದಗಳೆಲ್ಲ ಕನ್ನಡದಲ್ಲಿ ಸೊಗಸಾಗಿ ಇವೆ. ‘ಮಾವು ವಸಂತದಲ್ಲಿ ಹೂ ಬಿಡುತ್ತದೆ’, ‘ಮಾವು ಹೂ ಬಿಡುತ್ತಿದೆ’, ‘ಮಾವು ಹೂ ಬಿಟ್ಟಿದೆ’, ‘ಹೋದ ವರ್ಷ ಮಾವು ಚೆನ್ನಾಗಿ ಹೂ ಬಿಟ್ಟಿತು’. ಮನೆಯಲ್ಲಿ ಕನ್ನಡವಾಡುವ ನಾಲ್ಕು ವರ್ಷದ ಮಗು ಇವನ್ನು ಒಮ್ಮೆಯೂ ತಪ್ಪದೆ ಬಳಸುತ್ತದೆ. ಅಮ್ಮ ಈ ನಾಲ್ಕು ವಾಕ್ಯಗಳನ್ನು ಹೇಳಿ, ಪಕ್ಕದಲ್ಲಿ ಇಂಗ್ಲಿಷಿನ ನಾಲ್ಕನ್ನು ಇಟ್ಟರೆ ಅರ್ಧ ಪಾಠ ಮುಗಿಯಿತು. ಕನ್ನಡ ಗೊತ್ತಿರುವುದು ಇಂಗ್ಲಿಷಿಗೆ ಅಡ್ಡಿ ಎಂದು ನಂಬಿ, ಮನೆಯಲ್ಲಿಯೂ ಹರಕು ಇಂಗ್ಲಿಷ್ ಆಡುವ ನಮ್ಮ ಬಂಧುಗಳು ಈ ಮಾತನ್ನು ಸ್ವಲ್ಪ ಯೋಚಿಸಬೇಕು.

ಕನ್ನಡ ನಿಜವಾಗಿ ತೊಡಕು ಕೊಡುವ ಜಾಗಗಳೂ ಇವೆ. ಈ ಹಾಳೆಗಳು ಅವನ್ನು ಗಮನಿಸುವುದೇ ಇಲ್ಲ, ಏಕೆಂದರೆ ಅವು ಕನ್ನಡದ ಮಗುವಿಗಾಗಿ ಬರೆದವಲ್ಲ. ನಾವು ‘ಹತ್ತು ಎಲೆ’, ‘ಐದು ಹೂ’ ಎನ್ನುತ್ತೇವೆ. ಸಂಖ್ಯೆ ಹೇಳಿಯಾದ ಮೇಲೆ ‘ಗಳು’ ಸೇರಿಸಲೇಬೇಕೆಂಬ ಕಟ್ಟುನಿಟ್ಟು ಆಡುಮಾತಿನಲ್ಲಿಲ್ಲ. ಆದುದರಿಂದ ನಮ್ಮ ಮಗು ‘ಟೆನ್ ಲೀಫ್’ ಎನ್ನುತ್ತದೆ. ಅದು ದಡ್ಡತನವಲ್ಲ, ತನ್ನ ಭಾಷೆಯ ನಿಯಮವನ್ನು ಪಾಲಿಸಿದ ಜಾಣತನ. ‘ಎ’, ‘ಆ್ಯನ್’, ‘ದಿ’ಗಳಿಗೆ ಕನ್ನಡದಲ್ಲಿ ಸಮಾನಪದಗಳಿಲ್ಲ. ಇಂಗ್ಲಿಷಿನ ‘ಇನ್’, ‘ಆನ್’, ‘ಆ್ಯಟ್’ ಮೂರೂ ನಮಗೆ ಅನೇಕ ಕಡೆ ಒಂದೇ ‘ಅಲ್ಲಿ’ಯಲ್ಲಿ ಅಡಗಿವೆ. ‘ಮಾರ್ಚ್’ಗೆ ದೊಡ್ಡ ಅಕ್ಷರ, ‘ಸ್ಪ್ರಿಂಗ್’ಗೆ ಸಣ್ಣ ಅಕ್ಷರ ಎಂಬ ನಿಯಮವಂತೂ, ದೊಡ್ಡ ಸಣ್ಣ ಎಂಬ ಭೇದವೇ ಇಲ್ಲದ ಲಿಪಿಯಿಂದ ಬಂದವರಿಗೆ ವಿಚಿತ್ರವೇ. ನಮ್ಮ ಮಕ್ಕಳಿಗೆ ಅಭ್ಯಾಸ ಹೆಚ್ಚು ಬೇಕಾದದ್ದು ಇಲ್ಲಿ. ಹಾಳೆಗಳಲ್ಲಿ ಇವಕ್ಕೆ ಸಿಗುವುದು ಒಂದೆರಡು ಸಾಲು ಮಾತ್ರ, ಏಕೆಂದರೆ ಇಂಗ್ಲಿಷ್ ಮನೆಮಾತಾದ ಮಗುವಿಗೆ ಅವು ಕಷ್ಟವಲ್ಲ.

ಈಗ ನನ್ನ ಮುಖ್ಯ ಆಕ್ಷೇಪಕ್ಕೆ ಬರುತ್ತೇನೆ. ನಮ್ಮ ಮನೆಗಳಲ್ಲಿ ಸಂಜೆಯ ಹೊತ್ತು ಮಗುವಿನ ಪಕ್ಕ ಕೂರುವವರು ಹೆಚ್ಚಾಗಿ ತಾಯಂದಿರು. ಊರಿನಿಂದ ಬಂದಿದ್ದರೆ ಅಜ್ಜಿಯಂದಿರು. ಇವರಲ್ಲಿ ಅನೇಕರು ಕನ್ನಡ ಮಾಧ್ಯಮದಲ್ಲಿ ಓದಿದವರು. ‘ಅಮ್ಮ, ರಾಬಿನ್ ಅಂದ್ರೆ ಯಾವ ಹಕ್ಕಿ? ಡ್ಯಾಫೊಡಿಲ್ ಹೆಂಗಿರುತ್ತೆ?’ ಎಂದು ಮಗು ಕೇಳುತ್ತದೆ. ‘ನಂಗೊತ್ತಿಲ್ಲ ಕಂದ, ಅಪ್ಪ ಬರಲಿ, ಕೇಳು’ ಎಂದು ಅಮ್ಮ ಹೇಳುತ್ತಾಳೆ. ಅಪ್ಪನಿಗೂ ಗೊತ್ತಿಲ್ಲ, ಅವನು ಮೊಬೈಲ್ ನೋಡಿ ಹೇಳುತ್ತಾನೆ. ಇದು ಹತ್ತು ಸಲ ನಡೆಯಿತೆಂದರೆ ಅಮ್ಮನಿಗೆ ಏನೂ ತಿಳಿಯದು ಎಂಬ ಭಾವನೆ ಮಗುವಿನ ಮನಸ್ಸಿನಲ್ಲಿ ಬೇರೂರುತ್ತದೆ. ಅದಕ್ಕಿಂತ ಹೆಚ್ಚಾಗಿ, ತನಗೆ ಏನೂ ತಿಳಿಯದು ಎಂಬ ಭಾವನೆ ಅಮ್ಮನ ಮನಸ್ಸಿನಲ್ಲಿ ಬೇರೂರುತ್ತದೆ. ಆಕೆ ಕ್ರಮೇಣ ಹಾಳೆಯಿಂದ ದೂರ ಸರಿದು ಅಡಿಗೆಮನೆ ಸೇರುತ್ತಾಳೆ. ಆದರೆ ವಸಂತದ ವಿಷಯದಲ್ಲಿ ಆಕೆಗೆ ತಿಳಿದಿರುವುದರಲ್ಲಿ ಕಾಲು ಭಾಗವೂ ಆ ಹಾಳೆಗೆ ತಿಳಿಯದು. ಬೇವಿನ ಹೂವನ್ನು ಎಲೆಯಿಂದ ಬಿಡಿಸುವುದು ಹೇಗೆ, ಕೋಗಿಲೆ ತನ್ನ ಮೊಟ್ಟೆಯನ್ನು ಕಾಗೆಯ ಗೂಡಿನಲ್ಲಿ ಏಕಿಡುತ್ತದೆ, ಮುತ್ತುಗದ ಎಲೆ ಊಟಕ್ಕೂ ಹೂ ಓಕುಳಿಯ ಬಣ್ಣಕ್ಕೂ ಹೇಗೆ ಒದಗುತ್ತದೆ, ಅಶ್ವಿನಿ ಭರಣಿ ಮಳೆ ಬಿದ್ದರೆ ಹೊಲದಲ್ಲಿ ಏನು ಕೆಲಸ, ಮಿಡಿಗಾಯಿ ಯಾವಾಗ ಕೀಳಬೇಕು ಎಂಬುದೆಲ್ಲ ಆಕೆಗೆ ಗೊತ್ತು. ಇದೆಲ್ಲ ಓದುವ ಪಾಠವಾಗಬಲ್ಲ ಸರಕು. ಹಾಳೆ ಬೇರೆಯಾಗಿದ್ದರೆ ಆಕೆಯೇ ಆ ಸಂಜೆಯ ಉಪಾಧ್ಯಾಯಿನಿ. ಎರಡು ರೂಪಾಯಿಯ ಪ್ರಿಂಟೊಂದು ಒಂದು ಮನೆಯ ತಿಳಿವಳಿಕೆಯನ್ನೆಲ್ಲ ನಿರುಪಯೋಗಿ ಮಾಡಿ ಮೂಲೆಗೆ ತಳ್ಳುವುದನ್ನು ಸಣ್ಣ ವಿಷಯವೆಂದು ಬಿಡಲಾಗದು.

ಹಾಗಾದರೆ ಇಂಗ್ಲಿಷಿನ ವಸಂತವನ್ನು ಬಹಿಷ್ಕರಿಸಬೇಕೆ? ಖಂಡಿತ ಬೇಡ. ಬೇರೆಯವರ ವಸಂತವನ್ನು ಬರಮಾಡಿಕೊಳ್ಳುವುದು ಹೇಗೆಂದು ನಮಗೆ ಹಿರಿಯರೊಬ್ಬರು ತೋರಿಸಿಕೊಟ್ಟಿದ್ದಾರೆ. ಬಿ. ಎಂ. ಶ್ರೀಕಂಠಯ್ಯನವರು ಇಂಗ್ಲಿಷ್ ಪ್ರಾಧ್ಯಾಪಕರಾಗಿದ್ದವರು. ಇಂಗ್ಲಿಷಿನ ಮೇಲೆ ಅವರಿಗಿದ್ದ ಪ್ರೀತಿ ಅಧಿಕಾರಗಳನ್ನು ಯಾರೂ ಪ್ರಶ್ನಿಸಲಾರರು. 1926ರಲ್ಲಿ ಪುಸ್ತಕವಾಗಿ ಬಂದ ಅವರ ‘ಇಂಗ್ಲಿಷ್ ಗೀತಗಳು’ ಸಂಗ್ರಹದಲ್ಲಿ ಒಂದು ವಸಂತಗೀತವಿದೆ. ನಮ್ಮಲ್ಲಿ ಅನೇಕರು ಅದನ್ನು ಶಾಲೆಯಲ್ಲಿ ಕಂಠಪಾಠ ಮಾಡಿದವರೇ. ಅದರ ಮೂಲ ಥಾಮಸ್ ನ್ಯಾಶ್ ಎಂಬ ಇಂಗ್ಲಿಷ್ ಕವಿಯದು. 1600ರಲ್ಲಿ ಅಚ್ಚಾದ ಅವನ ನಾಟಕವೊಂದರಲ್ಲಿ ಬರುತ್ತದೆ. ಪಾಲ್ಗ್ರೇವ್ ಸಂಪಾದಿಸಿದ ‘ಗೋಲ್ಡನ್ ಟ್ರೆಷರಿ’ಯ ಮೊದಲ ಕವನವೂ ಅದೇ. ಮೂಲದಲ್ಲಿ ಇಂಗ್ಲೆಂಡಿನ ‘ಮೇ’ ಹೂ ಇದೆ, ‘ಡೇಸಿ’ ಹೂ ಇದೆ. ಶ್ರೀಯವರು ಅವನ್ನು ಕನ್ನಡ ಲಿಪಿಯಲ್ಲಿ ಬರೆದು ಬಿಟ್ಟುಬಿಡಲಿಲ್ಲ. ಅವರ ಗೀತದಲ್ಲಿ ಮಾವು ಬಂತು, ಮಲ್ಲಿಗೆ ಬಂತು. ಕುರಿಗಳ ನೆಗೆತ, ಕುರುಬರ ಕೊಳಲು ನಮ್ಮಲ್ಲೂ ಇದ್ದವು, ಅವು ಹಾಗೆಯೇ ಉಳಿದವು. ಹಕ್ಕಿಗಳ ಕೂಗನ್ನು ಮಾತ್ರ ಹೆಚ್ಚುಕಡಿಮೆ ಮೂಲದಂತೆಯೇ ಇಟ್ಟರು. ಆ ವಿಚಿತ್ರ ಸದ್ದುಗಳು ಕೇಳಲು ಮಕ್ಕಳಿಗೆ ಇಂದಿಗೂ ಕುಣಿಯುವಷ್ಟು ಇಷ್ಟ. ಯಾವುದನ್ನು ಬದಲಿಸಬೇಕು, ಯಾವುದನ್ನು ಇಟ್ಟುಕೊಳ್ಳಬೇಕು, ಯಾವುದನ್ನು ವಿನೋದಕ್ಕಾಗಿ ಹಾಗೇ ಬಿಡಬೇಕು ಎಂಬ ಮೂರು ಬಗೆಯ ವಿವೇಕ ಆ ಪುಟ್ಟ ಗೀತದಲ್ಲಿದೆ. ನಮ್ಮ ಮಕ್ಕಳ ಹಾಳೆಗಳಲ್ಲಿ ಇಲ್ಲದಿರುವುದು ಈ ವಿವೇಕವೇ.

ಇಂಗ್ಲಿಷ್ ಭಾಷೆಗೆ ಡ್ಯಾಫೊಡಿಲ್ ಅನಿವಾರ್ಯವೆಂದೂ, ಮುಂದೆ ವರ್ಡ್ಸ್‌ವರ್ತ್ ಕವಿಯ 1807ರಲ್ಲಿ ಪ್ರಕಟವಾದ ಪ್ರಸಿದ್ಧ ಕವನವನ್ನು ಓದುವಾಗ ಬೇಕಾಗುತ್ತದೆಂದೂ ವಾದಿಸುವವರಿದ್ದಾರೆ. ಓದಲಿ. ಹನ್ನೆರಡನೆಯ ವಯಸ್ಸಿನಲ್ಲಿ, ಆ ಹೂವಿನ ಗೆಡ್ಡೆಗೆ ಕೆಲವು ವಾರಗಳ ಚಳಿ ತಗುಲದಿದ್ದರೆ ಹೂ ಬಿಡುವುದಿಲ್ಲ, ಆದುದರಿಂದಲೇ ಅದು ನಮ್ಮೂರಿನಲ್ಲಿ ಕಾಣಸಿಗದು ಎಂಬ ವಿವರಣೆಯೊಂದಿಗೆ ಓದಿದರೆ ಕವನವೂ ರುಚಿಸುತ್ತದೆ, ಭೂಗೋಳವೂ ತಿಳಿಯುತ್ತದೆ. ಮಕ್ಕಳು ಮುಂದೆ ಅಮೆರಿಕಕ್ಕೆ ಹೋಗುವವರು, ಈಗಿನಿಂದಲೇ ಅಭ್ಯಾಸವಾಗಲಿ ಎನ್ನುವ ತಂದೆತಾಯಿಗಳೂ ಇದ್ದಾರೆ. ಅಲ್ಲಿಗೆ ಹೋದ ಮೇಲೆ ಹಿಮವನ್ನು ಗುರುತಿಸಲು ಯಾರಿಗೂ ಕಷ್ಟವಾಗದು. ಕಂಡದ್ದನ್ನು ಕಂಡಂತೆ ಬರೆಯುವ ಅಭ್ಯಾಸ ಮಾತ್ರ ಇಲ್ಲಿಂದಲೇ ಒಯ್ಯಬೇಕಾದ ಗಂಟು.

ಇದು ಆಗದ ಕೆಲಸವೂ ಅಲ್ಲ. ಎನ್‌ಸಿಇಆರ್‌ಟಿಯವರ ಒಂದನೆಯ ತರಗತಿಯ ಇಂಗ್ಲಿಷ್ ಪುಸ್ತಕ ಬಹುಕಾಲ ‘ಮ್ಯಾರಿಗೋಲ್ಡ್’ ಆಗಿತ್ತು. ಎಂದರೆ ನಮ್ಮ ಚೆಂಡುಹೂವು. ಅದರಲ್ಲಿ ಮಿಟ್ಟು ಎಂಬ ಗಿಳಿ, ಹಳದಿ ಮಾವಿನಹಣ್ಣು ಮತ್ತು ಒಂದು ಕಾಗೆಯ ಕಥೆಯಿತ್ತು. ಇಂಗ್ಲಿಷ್ ಸರಳ, ಚಿತ್ರ ಚೆಂದ, ಸರಕು ನಮ್ಮದು. 2023ರಲ್ಲಿ ಆ ಜಾಗಕ್ಕೆ ಬಂದ ಪುಸ್ತಕದ ಹೆಸರೇ ‘ಮೃದಂಗ್’. ಸರಕಾರಿ ಪುಸ್ತಕ ಸಪ್ಪೆ ಎಂದು ಮೂಗು ಮುರಿದು, ಹೆಚ್ಚಿನ ಅಭ್ಯಾಸಕ್ಕೆಂದು ನಾವು ಹೊರಗಿನಿಂದ ತರುವ ಹಾಳೆಗಳಲ್ಲಿ ಹಿಮ ಸುರಿಯುತ್ತಿರುತ್ತದೆ.

ಕೊನೆಯದಾಗಿ, ಟೀಕೆ ಮಾಡಿ ಸುಮ್ಮನಾಗುವುದು ಸರಿಯಲ್ಲವಾದ್ದರಿಂದ ಕೆಲವು ಸಲಹೆಗಳು. ಮೊದಲನೆಯದು ಮನೆಯಲ್ಲಿಯೇ ಮಾಡಬಹುದಾದದ್ದು. ಹಾಳೆ ಬಂದಾಗ ಅದನ್ನು ಮೊದಲು ಮಗುವಿಗೆ ಕಥೆಯಾಗಿ ಹೇಳಿ: ‘ಇದು ದೂರದ ಊರಿನ ವಸಂತ, ಅಲ್ಲಿ ಹೀಗಿರುತ್ತದೆ.’ ಆಮೇಲೆ ಅದೇ ವಾಕ್ಯಗಳ ಚೌಕಟ್ಟಿನಲ್ಲಿ ಹೆಸರುಗಳನ್ನು ಬದಲಿಸಿ. ಹಿಮದ ಜಾಗಕ್ಕೆ ಮಂಜುಮುಸುಕು, ಡ್ಯಾಫೊಡಿಲ್ ಜಾಗಕ್ಕೆ ದೆಹಲಿಯ ರಸ್ತೆಗಳಲ್ಲಿ ಕೆಂಪಗೆ ಅರಳುವ ಬೂರುಗ, ರಾಬಿನ್ ಜಾಗಕ್ಕೆ ಕೋಗಿಲೆ. ‘ದಿ ಕೋಯೆಲ್ ಈಸ್ ಸಿಂಗಿಂಗ್’ ಎಂದು ಬರೆಯುವ ಮೊದಲು ಒಂದು ನಿಮಿಷ ಕಿವಿಗೊಟ್ಟು ಕೇಳಲಿ; ಕೂಗದಿದ್ದರೆ ‘ಈಸ್ ನಾಟ್ ಸಿಂಗಿಂಗ್’ ಎಂದು ಬರೆಯಲಿ. ನಿಷೇಧಾರ್ಥಕ ವಾಕ್ಯದ ಪಾಠವೂ ಆಯಿತು. ಏಪ್ರಿಲ್ ಮಳೆಯಿಂದ ಹೂ ಅರಳುತ್ತದೆ ಎಂಬ ಇಂಗ್ಲಿಷರ ಗಾದೆ ದೆಹಲಿಯ ಸುಡುವ ಏಪ್ರಿಲ್‌ಗೆ ಹೊಂದದು. ಆದರೆ ಕೊಡಗಿನವರೋ ಚಿಕ್ಕಮಗಳೂರಿನವರೋ ಇದ್ದ ಮನೆಯಲ್ಲಿ ಅದು ಅಕ್ಷರಶಃ ನಿಜ. ಮಾರ್ಚ್-ಏಪ್ರಿಲ್‌ನಲ್ಲಿ ಹೂಮಳೆ ಬಿದ್ದು ಎಂಟು-ಹತ್ತು ದಿ‌ನಕ್ಕೆ ಕಾಫಿ ತೋಟ ಬೆಳ್ಳಗೆ ಅರಳಿ ಮಲ್ಲಿಗೆಯಂತೆ ಘಮಘಮಿಸುತ್ತದೆ. ಕಾರಣ-ಪರಿಣಾಮದ ವಾಕ್ಯ ಕಟ್ಟುವುದಕ್ಕೆ ಇದಕ್ಕಿಂತ ಒಳ್ಳೆಯ ನಿದರ್ಶನ ಬೇಕೆ?

ಎರಡನೆಯದು ನಮ್ಮ ಸಂಘದ ಕೆಲಸ. ಭಾನುವಾರದ ಕನ್ನಡ ತರಗತಿಗೆ ಮಕ್ಕಳು ಬರುತ್ತಿಲ್ಲವೆಂದು ಪ್ರತಿ ವಾರ್ಷಿಕ ಸಭೆಯಲ್ಲಿ ಕೊರಗುತ್ತೇವೆ. ಇಂಗ್ಲಿಷಿಗೆ ಸಮಯ ಸಾಲದು ಎಂಬುದು ತಂದೆತಾಯಿಗಳ ಕಾರಣ. ಹಾಗಾದರೆ ಒಂದೇ ಹಾಳೆಯ ಎಡಕ್ಕೆ ಕನ್ನಡ, ಬಲಕ್ಕೆ ಇಂಗ್ಲಿಷ್ ಇಟ್ಟು ಒಂದು ಹನ್ನೆರಡು ಹಾಳೆಗಳನ್ನು, ಆರು ಋತುಗಳಿಗೆ ಎರಡೆರಡರಂತೆ, ನಾವೇ ಏಕೆ ಸಿದ್ಧಪಡಿಸಬಾರದು? ಸಂಘದಲ್ಲಿ ನಿವೃತ್ತ ಉಪಾಧ್ಯಾಯರಿದ್ದಾರೆ, ಚಿತ್ರ ಬರೆಯುವ ತರುಣಿಯರಿದ್ದಾರೆ, ಸಸ್ಯಶಾಸ್ತ್ರ ಓದಿದವರಿದ್ದಾರೆ, ಊರಿನ ಮಳೆ-ಬೆಳೆ ಬಲ್ಲ ಅಜ್ಜ-ಅಜ್ಜಿಯರಿದ್ದಾರೆ. ಮುಂಬಯಿ, ಪುಣೆ, ಚೆನ್ನೈ, ಹೈದರಾಬಾದಿನ ಕನ್ನಡ ಸಂಘಗಳು ತಮ್ಮ ಊರಿನ ಹೂ-ಹಕ್ಕಿಗಳನ್ನು ಸೇರಿಸಿಕೊಟ್ಟರೆ ಅದೇ ಹಾಳೆಗಳು ಅಲ್ಲಿಗೂ ಒದಗುತ್ತವೆ. ‘ಟೆನ್ ಲೀಫ್’ ಎನ್ನುವ ಮಗುವಿಗೆ ಎಲ್ಲಿ ತೊಡಕು ಎಂಬುದು ನಮಗೆ ತಿಳಿದಷ್ಟು ಬೇರೆ ಯಾರಿಗೂ ತಿಳಿಯದು.

ಮೂರನೆಯದು ಎಲ್ಲಕ್ಕಿಂತ ಸುಲಭ. ಈ ಸಲ ‘ಸರಿಯೋ ತಪ್ಪೋ’ ವಿಭಾಗದಲ್ಲಿ ಮಗುವಿನ ಅಂಕ ಕಡಿಮೆಯಾದರೆ, ಗದರುವ ಮೊದಲು ಅದು ಏಕೆ ಹಾಗೆ ಬರೆಯಿತೆಂದು ಒಮ್ಮೆ ಕೇಳಿ. ಉತ್ತರ ಕೇಳಿ ಮರದ ಕೆಳಗೆ ಹೋಗಿ ನೋಡಿ. ಅಲ್ಲಿ ತರಗೆಲೆ ಬಿದ್ದಿದ್ದರೆ, ಉಪಾಧ್ಯಾಯಿನಿಯವರಿಗೆ ವಿನಯದಿಂದ ಎರಡು ಸಾಲಿನ ಚೀಟಿ ಬರೆದು, ಜೊತೆಗೆ ಒಂದು ಎಲೆ ಅಂಟಿಸಿ ಕಳುಹಿಸಿ. ಬಹುಮಂದಿ ಉಪಾಧ್ಯಾಯಿನಿಯರು ಸಹೃದಯರೇ ಇರುತ್ತಾರೆ; ಅವರ ಕಿಟಕಿಯ ಹೊರಗೂ ಅದೇ ಬೇವಿನ ಮರವಿರುತ್ತದೆ.